ಚೀಲಕ್ಕೆ ಕೈ ಹಾಕದ ದಿನ

ನಮ್ಮೂರಿನಲ್ಲಿ ಎದುರಿಗೆ ಸಿಕ್ಕವರನ್ನು ಯಾರೂ ಊಟ ಆಯ್ತಾ ಎಂದು ಕೇಳುವುದಿಲ್ಲ. "ಕೈ ಹಾಕಿದ್ಯಾ?" ಎಂದು ಕೇಳುತ್ತಾರೆ. ಚೀಲಕ್ಕೆ ಕೈ ಹಾಕಿದೆಯಾ ಎಂದು. ಹಾಕಿದೆ ಎಂದರೆ ನಿಂತು ಮಾತಾಡಬಹುದು. ಇನ್ನೂ ಇಲ್ಲ ಎಂದರೆ ಕೇಳಿದವರೇ "ಹಂಗಾದ್ರೆ ನಡಿಯವ್ವ, ಹೊತ್ತು ಇಳೀತಾ ಇದೆ" ಎಂದು ಓಡಿಸುತ್ತಾರೆ. ಇದರಲ್ಲಿ ಅವಮಾನವೇನೂ ಇಲ್ಲ.

ಸ್ವಂತ ಕಸುಬು ಮಾಡಿಕೊಂಡಿರುವ ನಮ್ಮಂಥವರೆಲ್ಲರ ಹಣೆಬರಹ ಇದು. ನಲ್ಲಿ ರಿಪೇರಿಯವನಾಗಲಿ, ಕ್ಷೌರದವನಾಗಲಿ, ಕೊಡೆ ರಿಪೇರಿಯವನಾಗಲಿ, ಒಂದು ಹಗಲು ಪೂರ್ತಿ ಸಾಮಾನಿನ ಚೀಲ ಕೆಲಸವಿಲ್ಲದೆ ಬಿದ್ದಿದ್ದರೆ ಮರುದಿನ ಬೆಳಗಾಗುವಷ್ಟರಲ್ಲಿ ಅದು ಬೇರೆ ಯಾರದೋ ಮನೆಯ ಬಾಗಿಲ ಮುಂದೆ ಇರುತ್ತದೆ. ಟ್ರಂಕಿನಲ್ಲಿಟ್ಟು ಬೀಗ ಹಾಕಿ ನೋಡಿದವರಿದ್ದಾರೆ. ಬೆಳಿಗ್ಗೆ ಟ್ರಂಕು ಇತ್ತು, ಬೀಗವೂ ಇತ್ತು, ಚೀಲ ಮಾತ್ರ ಇರಲಿಲ್ಲ. ಚೀಲದ ಹಿಂದೆಯೇ ಗಿರಾಕಿಗಳೂ ಹೋಗುತ್ತಾರೆ. ಸುಮ್ಮನೆ ತೆಗೆದು ಮುಚ್ಚಿದರೆ ಲೆಕ್ಕಕ್ಕಿಲ್ಲ, ನಿಂತದ್ದು ಏನಾದರೊಂದು ಓಡಬೇಕು. ನಲ್ಲಿ ರಿಪೇರಿಯ ಹನುಮಂತು ಹೆಂಡತಿಯ ಸೀಮಂತದ ದಿನ ತನ್ನ ಮನೆಯ ಚೆನ್ನಾಗಿದ್ದ ನಲ್ಲಿಯನ್ನೇ ಬಿಚ್ಚಿ ಹಾಕಿ ಕೆಲಸ ಆಯ್ತು ಅಂದುಕೊಂಡ. ಈಗ ಅವನು ಸಂತೆಯಲ್ಲಿ ಸೌತೆಕಾಯಿ ಮಾರುತ್ತಾನೆ. ಪಾಪ, ಈಗಲೂ ಎಲ್ಲಾದರೂ ನೀರು ತೊಟ್ಟಿಕ್ಕುವುದು ಕೇಳಿಸಿದರೆ ಎದ್ದು ನಿಲ್ಲುತ್ತಾನೆ.

ನನ್ನದು ಹೊಲಿಗೆ ಮಿಷನ್ ರಿಪೇರಿ. ಹೆಸರು ಸಿದ್ದಗಂಗಮ್ಮ, ಊರವರಿಗೆ ಗಂಗಕ್ಕ. ಈ ವರ್ಷದವರೆಗೆ, ಹತ್ತೊಂಬತ್ತು ವರ್ಷ, ನಾನು ಒಂದು ದಿನವೂ ರಜೆ ತೆಗೆದುಕೊಂಡಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಸುಸ್ತಾಗಿ ಹೇಳುತ್ತಿದ್ದೇನೆ. ಜ್ವರ ಬಂದಾಗ ಕಂಬಳಿ ಹೊದ್ದುಕೊಂಡು ಹೋಗಿ ಬಾಬಿನ್ ಸರಿಮಾಡಿ ಬಂದಿದ್ದೇನೆ. ನನ್ನ ಅವ್ವ ತೀರಿಕೊಂಡ ದಿನ ಹೆಣ ನಡುಮನೆಯಲ್ಲಿತ್ತು, ಎಲ್ಲರೂ ಅಳುತ್ತಿದ್ದರು, ನಾನೂ ಅಳುತ್ತಿದ್ದೆ. ಆದರೆ ಬಿಸಿಲು ಗೋಡೆ ಹತ್ತಿದ್ದು ಕಣ್ಣಿಗೆ ಬಿತ್ತು. ಎದ್ದು ಒಳಗೆ ಹೋಗಿ, ಅವ್ವನ ಹಳೆಯ ಮಿಷನ್ನಿನ ಬೆಲ್ಟು ಹರಿದು ಬಿದ್ದಿದ್ದನ್ನು ಬಿಚ್ಚಿ ಹೊಸದು ಹಾಕಿದೆ. ಚಕ್ರ ತಿರುಗಿದ ಸದ್ದು ನಡುಮನೆಗೂ ಕೇಳಿಸಿತು. ಚಿಕ್ಕಮ್ಮ "ಇವಳಿಗೆ ಎದೇಲಿ ಕಲ್ಲಿದೆ" ಅಂದಳು. ಅವಳ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಅವಳಿಗೇನು ಗೊತ್ತು.

ನಮ್ಮ ಯಜಮಾನರದ್ದೂ ಸಂಬಳದ ಕೆಲಸವೇ. ನೀರು ಸರಬರಾಜು ಆಫೀಸಿನಲ್ಲಿ ಗುಮಾಸ್ತರು, ಹೆಸರು ತಿಪ್ಪೇಸ್ವಾಮಿ. ಅವರಿಗೆ ಚೀಲವಿಲ್ಲ. ಅವರ ಪೆನ್ನು ಒಂದು ತಿಂಗಳು ಮುಟ್ಟದಿದ್ದರೂ ಅದೇ ಮೇಜಿನ ಮೇಲೆ ಅದೇ ಧೂಳಿನಲ್ಲಿ ಕೂತಿರುತ್ತದೆ. ಸಾಂದರ್ಭಿಕ ರಜೆ, ಗಳಿಕೆ ರಜೆ, ಹಬ್ಬದ ರಜೆ, ಯಾರಾದರೂ ದೊಡ್ಡವರು ಸತ್ತರೆ ಮಧ್ಯಾಹ್ನದ ಮೇಲೆ ಅರ್ಧ ರಜೆ. ಹೊಸ ಕ್ಯಾಲೆಂಡರ್ ಬಂದ ದಿನವೇ ಅದರ ಮುಂದೆ ನಿಂತು ಕೆಂಪು ತಾರೀಖುಗಳನ್ನು ಎಣಿಸಿ "ಈ ಸಲ ಪರವಾಗಿಲ್ಲ ಕಣೇ" ಎನ್ನುತ್ತಾರೆ. ಒಮ್ಮೆ ಇಬ್ಬರೂ ಜಲಪಾತ ನೋಡಲು ಹೋಗಿದ್ದೆವು. ಅವರು ಜಲಪಾತ ನೋಡಿದರು. ನಾನು ಚೀಲ ಹೆಗಲಿಗೆ ಹಾಕಿಕೊಂಡು ಆ ಊರಿನ ಮನೆಮನೆಗೆ ಹೋಗಿ "ಕೆಟ್ಟ ಮಿಷನ್ ಇದೆಯಾ ತಾಯಿ, ದುಡ್ಡು ಬೇಡ" ಎಂದು ಕೇಳುತ್ತಾ ತಿರುಗಿದೆ. ಸಿಕ್ಕಿದ್ದು ಸಂಜೆ ಐದು ಗಂಟೆಗೆ. ವಾಪಸ್ ಬಸ್ಸಿನಲ್ಲಿ ಅವರು ನೀರು ಹೇಗೆ ಬೀಳುತ್ತಿತ್ತು ಅಂತ ಕೈಯಾಡಿಸಿ ತೋರಿಸಿದರು. ನಾನು ಅರ್ಧಕ್ಕೇ ನಿದ್ದೆಹೋದೆ.

ಈ ವರ್ಷ ಬಲಗೈ ಹೆಬ್ಬೆರಳು ಕೈಕೊಟ್ಟಿತು. ಬುಡದಲ್ಲಿ ಬಾವು, ಸ್ಕ್ರೂಡ್ರೈವರ್ ಹಿಡಿದರೆ ಮೊಣಕೈವರೆಗೂ ಉರಿ. ಡಾಕ್ಟರಮ್ಮ ಬೆರಳನ್ನು ಆಚೆ ಈಚೆ ಬಗ್ಗಿಸಿ ನೋಡಿ, ನಾನು ಅಯ್ಯಪ್ಪಾ ಎಂದು ಕಿರುಚಿದ ಮೇಲೆ, ಪಟ್ಟಿ ಕಟ್ಟಿದರು.

"ಹತ್ತು ದಿನ ಈ ಕೈಲಿ ಏನೂ ಮಾಡಬಾರದು."

"ದಿನಕ್ಕೊಂದೇ ಮಿಷನ್ ಮಾಡ್ಕೋತೀನಿ ಡಾಕ್ಟ್ರೇ. ಸಣ್ಣದು."

"ಒಂದೂ ಬೇಡ. ಈಗ ಹತ್ತು ದಿನ ಬಿಟ್ರೆ ಕೈ ಉಳಿಯುತ್ತೆ. ಇಲ್ಲಾಂದ್ರೆ ಮುಂದೆ ಅನ್ನ ಕಲಸೋಕೂ ಇನ್ನೊಬ್ಬರು ಬೇಕಾಗ್ತಾರೆ, ನೋಡಿ."

ಮನೆಗೆ ಬಂದು ಅತ್ತುಬಿಟ್ಟೆ. ಕೈ ಉಳಿಸಿಕೊಂಡರೆ ಚೀಲ ಹೋಗುತ್ತದೆ. ಚೀಲ ಉಳಿಸಿಕೊಂಡರೆ ಕೈ ಹೋಗುತ್ತದೆ, ಕೈ ಹೋದ ಮೇಲೆ ಚೀಲ ಇರುತ್ತದೆಯೇ? ಯಜಮಾನರು ಪಕ್ಕದಲ್ಲಿ ಕೂತು ತಲೆ ಕೆರೆದುಕೊಂಡರು. ಮರುದಿನ ಆಫೀಸಿಗೆ ಹೋಗಿ, ಯಾರಿಗೂ ಹೇಳದೆ ಒಂದು ಅರ್ಜಿ ಬರೆದರು. ತಮ್ಮ ಖಾತೆಯಲ್ಲಿರುವ ಗಳಿಕೆ ರಜೆಯಲ್ಲಿ ಹತ್ತು ದಿನವನ್ನು ತಮ್ಮ ಧರ್ಮಪತ್ನಿಯ ಹೆಸರಿಗೆ ವರ್ಗಾಯಿಸಬೇಕಾಗಿ ವಿನಂತಿ. ಎರಡು ದಿನದ ಮೇಲೆ ಅದು ಮೂರು ಸಹಿ ಹೊತ್ತು ವಾಪಸ್ ಬಂತು. "ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ ಹಿಂದಿರುಗಿಸಲಾಗಿದೆ." ಅದನ್ನು ಮಡಚಿ ನನ್ನ ಕೈಗೆ ಕೊಟ್ಟು "ಪ್ರಯತ್ನ ಮಾಡ್ದೆ ಕಣೇ" ಅಂದರು. ಆ ಮನುಷ್ಯನ ಮೇಲೆ ಇಷ್ಟು ವರ್ಷ ಹೊಟ್ಟೆ ಉರಿದುಕೊಂಡಿದ್ದಕ್ಕೆ ನನಗೇ ನಾಚಿಕೆಯಾಯಿತು.

ಆ ಎರಡು ದಿನ ಎಡಗೈಯಲ್ಲೇ ಹೇಗೋ ತಳ್ಳಿದ್ದೆ. ಮೂರನೆಯ ದಿನ ಹಿಂದಿನ ಬೀದಿಯ ಬಾಳಮ್ಮನ ಮಿಷನ್ ಬಂತು. ಎಡಗೈಲಿ ತಿರುಗಿಸಲು ಹೋಗಿ ಸ್ಕ್ರೂವಿನ ತಲೆಯನ್ನೇ ಸವೆಸಿ, ಇದ್ದದ್ದನ್ನೂ ಕೆಡಿಸಿಟ್ಟೆ. ಬಾಳಮ್ಮ ಒಳ್ಳೆಯವಳು, ಬೈಯಲಿಲ್ಲ. "ನಿನ್ನ ಕೈ ಸರಿಯಾದಾಗ ಮಾಡಿಕೊಡು ಗಂಗಕ್ಕ, ಇಲ್ಲೇ ಇರ್ಲಿ" ಎಂದು ಬಿಟ್ಟು ಹೋದಳು. ಅವಳು ಬೈದಿದ್ದರೇ ಚೆನ್ನಾಗಿತ್ತು. ಅಂದು ಇನ್ನೊಬ್ಬರ ಮಿಷನ್ನಿಗೆ ಬರೀ ಸೂಜಿ ಬದಲಾಯಿಸಿ ಹೊತ್ತು ಮುಳುಗುವುದರೊಳಗೆ ಪಾರಾದೆ.

ಆಗ ನಾನು ಹತ್ತೊಂಬತ್ತು ವರ್ಷ ಮಾಡದ ಕೆಲಸವೊಂದನ್ನು ಮಾಡಿದೆ. ಚೀಲದ ಮುಚ್ಚಳ ಎತ್ತಿ ಒಳಗಡೆ ಕೆಂಪು ದಾರದಲ್ಲಿ ಹೊಲಿದಿದ್ದ ಅಕ್ಷರಗಳನ್ನು ಓದಿದೆ. ಯ. ರಾ. ಓದಿದೆ ಅಂದರೆ ಸುಳ್ಳು, ಅವು ಮೊದಲಿನಿಂದ ಗೊತ್ತು. ಅಕ್ಷರ ಇದ್ದದ್ದೂ ಗೊತ್ತು, ಯಾರದೆಂದೂ ಗೊತ್ತು. ಚೀಲ ನನ್ನ ಬಾಗಿಲಿಗೆ ಬಂದ ಕಾಲಕ್ಕೆ ನಾನು ಹೊಸ ಮದುವಣಗಿತ್ತಿ. ರವಿಕೆ ಹೊಲಿಯುತ್ತಿದ್ದ ಮಿಷನ್ ನಡುವೆ ನಿಂತುಬಿಟ್ಟಿತು. ರಿಪೇರಿಗೆ ಕೊಡಲು ದಾರಿಯಿಲ್ಲದೆ ಅಡುಗೆಮನೆಯ ಚಾಕುವಿನ ತುದಿಯಲ್ಲಿ ಒಂದೊಂದೇ ಸ್ಕ್ರೂ ಬಿಚ್ಚಿ, ಹೇಗೋ ಸಂಜೆಯೊಳಗೆ ಓಡಿಸಿದ್ದೆ. ಮರುದಿನ ಬೆಳಿಗ್ಗೆ ರಂಗೋಲಿ ಹಾಕಲು ಬಾಗಿಲು ತೆಗೆದರೆ ಖಾಕಿ ಚೀಲ. ಇದು ಯಲ್ಲೋಜಿರಾವ್ ಮೇಸ್ತ್ರಿಯದು ಎಂದು ಬೀದಿಗೆಲ್ಲ ಗೊತ್ತಿತ್ತು. ಯಾರೂ ಏನೂ ಅನ್ನಲಿಲ್ಲ, ಊರಿನ ನಡಾವಳಿಯೇ ಅದು. ಬಂದ ಚೀಲ ವಾಪಸ್ ಹೋದದ್ದನ್ನು ಯಾರೂ ಕಂಡಿರಲಿಲ್ಲ. ಮೇಸ್ತ್ರಿಯ ಮನೆ ಮೂರೇ ಬೀದಿ ಆಚೆ. ಆದರೂ ನಾನು ಹೋಗಿ ಒಂದು ಮಾತು ಆಡಲಿಲ್ಲ. ಅವರ ಬೀದಿ ಬಂದರೆ ಸುತ್ತಿಕೊಂಡು ಹೋಗುತ್ತಿದ್ದೆ.

ಆ ಅಕ್ಷರ ನೋಡಿದ ಮರುದಿನ ಬೆಳಿಗ್ಗೆ ಮಾತ್ರ ಸುತ್ತಿಕೊಂಡು ಹೋಗಲಿಲ್ಲ. ಮೇಸ್ತ್ರಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎಪ್ಪತ್ತೈದರ ಮೇಲಿರಬಹುದು. ಒಣಕಲು ಮೈ, ಬೆರಳುಗಳು ಮಾತ್ರ ಇನ್ನೂ ಗಟ್ಟಿ. ನನ್ನನ್ನು ನೋಡಿ, ಹೆಗಲಿನ ಚೀಲ ನೋಡಿ, ಕೈಯ ಪಟ್ಟಿ ನೋಡಿದರು.

"ಬಾ ತಾಯಿ. ಬರೋಕೆ ಇಷ್ಟು ದಿನ ಬೇಕಾಯ್ತಾ?"

"ತಪ್ಪಾಯ್ತು ಮೇಸ್ತ್ರಿ. ಆವತ್ತೇ ಬಂದು ಕೇಳ್ಬೇಕಿತ್ತು."

"ನೀನೂ ಬಂದು ಹೇಳ್ಲಿಲ್ಲ, ನಾನೂ ಬಂದು ಕೇಳ್ಲಿಲ್ಲ. ಅಲ್ಲಿಗಲ್ಲಿಗೆ ಸಮ. ಕೂತ್ಕೋ."

ನಾನು ಕೂತು ಎಲ್ಲ ಹೇಳಿದೆ. ಬೆರಳು, ಡಾಕ್ಟರಮ್ಮ, ಅರ್ಜಿ, ಬಾಳಮ್ಮನ ಮಿಷನ್. ಹತ್ತೊಂಬತ್ತು ವರ್ಷದ ಹಿಂದಿನ ಚಾಕುವಿನ ಕಥೆಯನ್ನೂ ಹೇಳಿದೆ. ಅವರು ಅದನ್ನು ಎರಡು ಸಲ ಹೇಳಿಸಿದರು. ಕೊನೆಗೆ ನಾನು ಕೇಳಬೇಕೆಂದು ಬಂದಿದ್ದನ್ನು ಕೇಳಿದೆ.

"ಆವತ್ತು ನೀವು ಯಾಕೆ ಕೈ ಹಾಕ್ಲಿಲ್ಲ ಮೇಸ್ತ್ರಿ? ಏನಾಗಿತ್ತು?"

"ಏನೂ ಆಗಿರ್ಲಿಲ್ಲ" ಎಂದು ನಕ್ಕರು. "ಜನ ಏನೇನೋ ಅಂದ್ರು. ಹುಷಾರಿರ್ಲಿಲ್ಲ ಅಂದ್ರು, ಜಗಳ ಅಂದ್ರು. ಮನೆಯವಳು ಒಂದು ಮೊರ ಕಡ್ಲೆಕಾಯಿ ತಂದು, ಬನ್ನಿ ಬಿಡಿಸೋಣ ಅಂದ್ಲು. ಕೂತ್ವಿ. ಅವಳು ಅವಳ ತೌರಿನ ಕಥೆ ಹೇಳ್ತಾ ಇದ್ಲು. ನಗ್ತಾ ನಗ್ತಾ ಹೊತ್ತು ಮುಳುಗಿದ್ದೇ ತಿಳೀಲಿಲ್ಲ. ಅಷ್ಟೇ."

"ಆಮೇಲೆ?"

"ಆಮೇಲೆ ಏನು, ಮಗ ತಲೆಯೆತ್ತೋವರೆಗೆ ಕಷ್ಟ. ಅವಳಂತೂ ಸಾಯೋವರೆಗೂ ಬೈದ್ಲು. 'ಇಪ್ಪತ್ತೇಳು ವರ್ಷ ಸಂಸಾರ ಮಾಡಿ ಒಂದು ದಿನ ನನ್ನ ಮಾತು ಕೇಳಿದ್ರಿ, ಅದಕ್ಕೆ ಚೀಲಾನೇ ಹೋಯ್ತು' ಅಂತ. ಆದ್ರೆ ಆ ಕಥೆ ಎಲ್ಲರಿಗೂ ಹೇಳ್ತಿದ್ಲು ನೋಡು, ಖುಷಿಯಿಂದ ಹೇಳ್ತಿದ್ಲು."

ಅವರು ಅವರೆಕಾಯಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ಕೈಗಿಂತ ಚೀಲ ದೊಡ್ಡದಲ್ಲ ತಾಯಿ. ಮನೆಗೆ ಹೋಗಿ ಮಲ್ಕೋ."

ಮನೆಗೆ ಬಂದು ಚೀಲವನ್ನು ಮೊಳೆಗೆ ನೇತುಹಾಕಿದೆ. ಮಲಗಲು ಮಾತ್ರ ಆಗಲಿಲ್ಲ. ಇಡೀ ದಿನ ಒಳಗೂ ಹೊರಗೂ ತಿರುಗಿದೆ. ಪಕ್ಕದ ಮನೆಯ ಶಾಂತವೀರಮ್ಮ ಗೋಡೆಯಾಚೆಯಿಂದ ಎರಡು ಸಲ "ಕೈ ಹಾಕಿದ್ಯಾ ಗಂಗಕ್ಕ?" ಎಂದು ಕೇಳಿದಳು. ಎರಡನೆಯ ಸಲ ಎದ್ದು ಒಳಗೆ ಹೋಗಿಬಿಟ್ಟೆ. ಬಿಸಿಲು ಗೋಡೆ ಹತ್ತಿತು, ಸೂರು ಹತ್ತಿತು, ಹೋಯಿತು. ಯಜಮಾನರು ನನ್ನ ಎಡಗೈ ಹಿಡಿದುಕೊಂಡು ಕೂತಿದ್ದರು. ಬೆಳಿಗ್ಗೆ ಎದ್ದು ನೋಡಿದರೆ ಮೊಳೆ ಖಾಲಿ. ಗೋಡೆಯ ಮೇಲೆ ಚೀಲ ಉಜ್ಜಿ ಉಜ್ಜಿ ಕಪ್ಪಾಗಿದ್ದ ಗುರುತು ಮಾತ್ರ ಇತ್ತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಬಾಗಿಲಲ್ಲಿ ಯಲ್ಲೋಜಿ ಮೇಸ್ತ್ರಿ ನಿಂತಿದ್ದರು. ಹೆಗಲಲ್ಲಿ ಚೀಲ.

"ನೋಡು ನಿನ್ನ ಪುಣ್ಯ" ಎಂದು ಏದುಸಿರು ಬಿಡುತ್ತಾ ಜಗಲಿಗೆ ಕುಸಿದರು. "ನಿನ್ನೆ ನೀನು ಆ ಚಾಕು ಕಥೆ ಹೇಳಿ ಹೋದ್ಮೇಲೆ ನನಗೆ ಸುಮ್ನೆ ಕೂರೋಕೆ ಆಗ್ಲಿಲ್ಲ. ಸೊಸೆ ಮಿಷನ್ ಆರು ತಿಂಗಳಿಂದ ನಿಂತಿತ್ತು. ಪರೀಕ್ಷೆ ಮಾಡಿದ್ನೋ, ಕೈ ತುರಿಕೆಗೆ ಮಾಡಿದ್ನೋ, ನನಗೇ ಗೊತ್ತಿಲ್ಲ. ಹಳೇ ನಾಲ್ಕಾಣೆ ಬಿಲ್ಲೆ ತಗೊಂಡು ಬಿಚ್ಚಿ ಓಡಿಸ್ದೆ. ಬೆಳಿಗ್ಗೆ ಬಾಗಿಲು ತೆಗೆದ್ರೆ ಇದು."

ಚೀಲ ಎಲ್ಲಿಗೆ ಹೋಗುತ್ತದೆ ಎಂದು ನಮ್ಮೂರಿನಲ್ಲಿ ಯಾರೂ ಕೇಳಿದವರೇ ಇಲ್ಲ. ಹೋಯಿತು ಅಂದರೆ ಹೋಯಿತು, ಕಳೆದುಕೊಂಡವರು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಸಿಕ್ಕವರು ನನ್ನ ಹಾಗೆ ಬೀದಿ ಸುತ್ತಿಕೊಂಡು ಓಡಾಡುತ್ತಿದ್ದರು. ಇಬ್ಬರೂ ಒಂದು ಜಗಲಿಯ ಮೇಲೆ ಕೂತು ಮಾತಾಡಿದ್ದಿದ್ದರೆ, ಅಂದು ಚೀಲವಿಲ್ಲದೆ ಕೈಗೆ ಸಿಕ್ಕಿದ್ದರಲ್ಲೇ ನಿಂತದ್ದನ್ನು ಓಡಿಸಿದವರ ಬಾಗಿಲಿಗೆ ಅದು ಹೋಗುತ್ತದೆ ಎಂದು ಯಾವತ್ತೋ ತಿಳಿಯುತ್ತಿತ್ತು.

"ಹತ್ತು ದಿನ ನಾನು ನೋಡ್ಕೋತೀನಿ" ಎಂದರು ಮೇಸ್ತ್ರಿ. "ಹನ್ನೊಂದನೇ ದಿನ ನಾನು ಕೈ ಹಾಕಲ್ಲ. ಅವತ್ತು ನೀನು ಚಾಕೋ ಚಮಚಾನೋ ಹಿಡ್ಕೊಂಡು, ನಿಂತ ಮಿಷನ್ ಒಂದನ್ನ ಓಡಿಸು. ಬರುತ್ತೋ ಇಲ್ವೋ ನೋಡೋಣ."

"ಇನ್ಯಾರ ಮನೆಗಾದ್ರೂ ಹೋದ್ರೆ?"

"ಹೋದ್ರೆ ಇಬ್ರೂ ಕೂತು ಕಡ್ಲೆಕಾಯಿ ಬಿಡಿಸೋಣ."

ಯಜಮಾನರು ಮರುದಿನದಿಂದ ಹತ್ತು ದಿನ ಗಳಿಕೆ ರಜೆಯನ್ನು ತಮ್ಮ ಹೆಸರಿಗೇ ಬರೆದುಕೊಂಡು ಮನೆಯಲ್ಲಿ ಕೂತರು. ಅಡುಗೆ ಅವರದ್ದೇ. ಮೊದಲ ದಿನದ ಉಪ್ಪಿಟ್ಟನ್ನು ಏನೆಂದು ಹೇಳಲಿ, ಕೆದಕಿದರೂ ಏಳುತ್ತಿರಲಿಲ್ಲ. ನಾನು ತಿಂದೆ. ಜನ ರಜೆ ಅಂದರೆ ಏನೇನೋ ಹೇಳುತ್ತಾರೆ, ನನಗೆ ಅದರ ಅಭ್ಯಾಸವೇ ಇರಲಿಲ್ಲ. ಮೊದಲ ನಾಲ್ಕು ದಿನ ಬಿಸಿಲು ಇಳಿಯುತ್ತಿದ್ದ ಹಾಗೆ ಎದ್ದು ನಿಲ್ಲುತ್ತಿದ್ದೆ, ಹೋಗಲು ಎಲ್ಲಿಯೂ ಇಲ್ಲ ಎಂದು ನೆನಪಾಗಿ ಕೂರುತ್ತಿದ್ದೆ. ಐದನೆಯ ದಿನ ಊಟ ಮಾಡಿ ಒರಗಿದವಳು ಸಂಜೆವರೆಗೂ ಮಲಗಿಬಿಟ್ಟೆ. ಎದ್ದಾಗ ಮೈಯೆಲ್ಲ ಭಾರ, ಬಾಯಿ ಒಣಗಿತ್ತು. ಇಷ್ಟು ವರ್ಷದ ಆಯಾಸವೆಲ್ಲ ಸರದಿ ಹಚ್ಚಿ ನಿಂತಿತ್ತೋ ಏನೋ. ಅಂದು ಅವ್ವ ನೆನಪಾದಳು. ಹತ್ತು ವರ್ಷದ ಹಿಂದೆ ಬಿಸಿಲು ನೋಡಿಕೊಂಡು ಅರ್ಧಕ್ಕೆ ನಿಲ್ಲಿಸಿದ ಅಳುವನ್ನು ಪೂರ್ತಿ ಅತ್ತೆ. ಯಜಮಾನರು ನೀರು ತಂದುಕೊಟ್ಟರು.

ಬೆರಳಿನ ಬಾವು ಇಳಿಯಿತು. ಆದರೆ ಎಂಟನೆಯ ದಿನದಿಂದ ಬೇರೆ ಸಂಕಟ ಶುರುವಾಯಿತು. ಶಾಂತವೀರಮ್ಮ ಬಂದು ಮೇಸ್ತ್ರಿಯ ಗುಣಗಾನ ಮಾಡಿದಳು. "ಏನು ಕೈ ಅಂತೀಯ ಗಂಗಕ್ಕ, ನನ್ನ ಮಿಷನ್ ಈಗ ಸದ್ದೇ ಮಾಡಲ್ಲ. ಮುದುಕಪ್ಪ ಹತ್ತು ವರ್ಷ ಚಿಕ್ಕವನಾದಂಗೆ ಆಗ್ಯಾನೆ. ಹಾಡು ಹೇಳ್ಕೊಂಡು ಕೆಲಸ ಮಾಡ್ತಾನೆ!" ನಾನು ಹೌದೇ ಎಂದೆ. ಕೈಗೆ ಬಂದ ಚೀಲವನ್ನು ಯಾರು ಬಿಡುತ್ತಾರೆ? ನಾನು ಬಿಟ್ಟೆನೇ? ಮೂರು ಬೀದಿ ಆಚೆ ಒಬ್ಬ ಮನುಷ್ಯ ಕಷ್ಟದಲ್ಲಿ ಮಗನನ್ನು ಬೆಳೆಸುತ್ತಿದ್ದಾಗ ನಾನು ಅದೇ ಚೀಲದಲ್ಲಿ ಬದುಕು ಕಟ್ಟಿಕೊಂಡೆ. ಈಗ ಅವರು ಇಟ್ಟುಕೊಂಡರೆ ಯಾವ ಬಾಯಲ್ಲಿ ಕೇಳಲಿ? ಒಂಬತ್ತನೆಯ ದಿನವೂ ಹತ್ತನೆಯ ದಿನವೂ ಅವರಿಂದ ಏನೂ ಸುದ್ದಿ ಬರಲಿಲ್ಲ.

ಹನ್ನೊಂದನೆಯ ದಿನ ಪಟ್ಟಿ ಬಿಚ್ಚಿದೆ. ಬೆರಳು ಬಿಳಿಚಿಕೊಂಡಿತ್ತು, ನೋವಿರಲಿಲ್ಲ. ಬಾಳಮ್ಮನ ಮಿಷನ್ನನ್ನು ನಡುಮನೆಗೆ ಎಳೆದುಕೊಂಡು, ಅಡುಗೆಮನೆಯ ಚಾಕು ಹಿಡಿದು ಕೂತೆ. ನಿಜ ಹೇಳುತ್ತೇನೆ, ಒಂದು ಗಂಟೆ ಸುಮ್ಮನೆ ಕೂತಿದ್ದೆ. ಬೇಡ ಅನ್ನಿಸಿತು. ಹತ್ತು ದಿನದಲ್ಲಿ ಸಂಜೆಯ ಬಿಸಿಲು ಬರೀ ಬಿಸಿಲಾಗಿ ಕಾಣಲು ಶುರುವಾಗಿತ್ತು. ಇದನ್ನು ಓಡಿಸಿದರೆ ಮತ್ತೆ ಅದೇ ಓಟ.

ಯಜಮಾನರು ಅಡುಗೆಮನೆಯಿಂದ ಇಣುಕಿ, "ಬೇಡಾಂದ್ರೆ ಬಿಡು ಗಂಗಾ. ಹೇಗೋ ಆಗುತ್ತೆ" ಅಂದರು.

"ಹೇಗೋ ಆಗುತ್ತೆ, ಹೌದು. ಆದ್ರೆ ಬಾಳಮ್ಮನ ಮಿಷನ್ ಕೆಡಿಸಿದವಳು ನಾನು" ಎಂದೆ. ಹೇಳಿದ ಮೇಲೆ ಕೈ ತಾನೇ ಮುಂದೆ ಹೋಯಿತು. ಸವೆದ ಸ್ಕ್ರೂವಿನ ತಲೆಯಲ್ಲಿ ಚಾಕುವಿನ ತುದಿಯಿಂದ ಹೊಸ ಗೀರು ಕೊರೆದು, ಸ್ವಲ್ಪ ಎಣ್ಣೆ ಬಿಟ್ಟು, ಸ್ವಲ್ಪಸ್ವಲ್ಪವೇ ಸಡಿಲಿಸಿದೆ. ಮೂರು ಗಂಟೆ ಹಿಡಿಯಿತು. ಚಕ್ರ ತಿರುಗಿ ಸೂಜಿ ಕುಣಿದಾಗ ನನಗೆ ಸಂತೋಷವೇ ಆಯಿತು, ಹಾಳಾದ್ದು.

ಇನ್ನು ಉಳಿದಿದ್ದು ಮೇಸ್ತ್ರಿಯ ಮಾತು. ಹೊತ್ತು ಇಳಿಯುವಾಗ ತಡೆಯಲಾಗದೆ ಅವರ ಬೀದಿಗೆ ಹೋಗಿ, ತಿರುವಿನ ಬೇವಿನ ಮರದ ಮರೆಯಲ್ಲಿ ನಿಂತೆ. ಚೀಲ ಕಿಟಕಿಯ ಸರಳಿಗೆ ನೇತಾಡುತ್ತಿತ್ತು, ಬಾಯಿ ಕಟ್ಟಿತ್ತು. ಮೇಸ್ತ್ರಿ ಜಗಲಿಯ ಮೇಲೆ ಕೂತಿದ್ದರು. ಅವರ ಮುಂದೆ ಒಬ್ಬ ಹೆಂಗಸು ಕೈಮಿಷನ್ ಇಳಿಸಿಕೊಂಡು ಗೋಗರೆಯುತ್ತಿದ್ದಳು.

"ಒಂದು ಸ್ಕ್ರೂ ಅಷ್ಟೇ ಮೇಸ್ತ್ರಿ, ನೀವೇ ನಿನ್ನೆ ಹೇಳಿದ್ರಲ್ಲ, ಎರಡು ನಿಮಿಷದ ಕೆಲ್ಸ ಅಂತ."

"ನಾಳೆ ಗಂಗಕ್ಕನ ಹತ್ರ ತಗೊಂಡು ಹೋಗವ್ವ."

"ಚೀಲ ಇಲ್ಲೇ ಇದೆಯಲ್ಲ! ಹೊತ್ತು ಬೇರೆ ಮುಳುಗ್ತಾ ಇದೆ, ನೀವು ಕೈ ಹಾಕಿದಂಗೂ ಇಲ್ಲ..."

"ನಾಳೆ ಅಂದ್ನಲ್ಲ ತಾಯಿ" ಎಂದರು. ಅವರ ಕಣ್ಣು ಮಾತ್ರ ಆ ಮಿಷನ್ನಿನ ಮೇಲೆಯೇ ಇತ್ತು. ಆಗ ನೋಡಿದೆ. ಆ ಮನುಷ್ಯ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅವುಗಳ ಮೇಲೆಯೇ ಕೂತಿದ್ದರು. ಬೀದಿಯ ಬಿಸಿಲು ಪೂರ್ತಿ ಹೋಗುವವರೆಗೆ ಅವರು ಕೈ ತೆಗೆಯಲಿಲ್ಲ. ನಾನು ಮರದ ಹಿಂದೆಯೇ ನಿಂತು ಎರಡೂ ಕೈ ಜೋಡಿಸಿದೆ, ಅವರಿಗೆ ಕಾಣಲಿಲ್ಲ.

ಬೆಳಗಿನ ಜಾವ ಬಾಗಿಲ ಹೊರಗೆ ಧೊಪ್ಪೆಂದು ಏನೋ ಇಳಿಯಿತು. ಒಳಗೆ ಎಣ್ಣೆ ಡಬ್ಬಿ ಇಕ್ಕಳಕ್ಕೆ ತಾಗಿದ ಸದ್ದು. ಹತ್ತೊಂಬತ್ತು ವರ್ಷ ನನ್ನ ಹೆಗಲಲ್ಲೇ ಕೇಳಿದ ಸದ್ದು ಅದು, ತಪ್ಪುವ ಹಾಗಿಲ್ಲ. ಯಜಮಾನರು ಗಡಬಡಿಸಿ ಎದ್ದು ಕೂತರು.

"ಬಂತು ಕಣೇ! ಏಳು, ಏಳು."

"ಬರ್ಲಿ ಬಿಡ್ರಿ" ಎಂದೆ. "ಇಷ್ಟು ವರ್ಷ ನಾನು ಅದನ್ನ ಕಾದಿದೀನಿ. ಇವತ್ತೊಂದು ಗಂಟೆ ಅದು ನನ್ನ ಕಾಯ್ಲಿ."

ಸೂರ್ಯ ಇನ್ನೂ ಹುಟ್ಟಿರಲಿಲ್ಲ, ಮುಳುಗುವುದಂತೂ ಬಹಳ ದೂರವಿತ್ತು. ಇವತ್ತು ಸಂಜೆ ಕೆಲಸ ಮುಗಿಸಿ ಒಂದು ಸೇರು ಕಡ್ಲೆಕಾಯಿ ತೆಗೆದುಕೊಂಡು ಮೇಸ್ತ್ರಿಯ ಜಗಲಿಗೆ ಹೋಗಬೇಕು, ಮುಂದಿನ ವರ್ಷದ ಹತ್ತು ದಿನದ ಮಾತನ್ನೂ ಈಗಲೇ ಆಡಿಟ್ಟುಕೊಳ್ಳಬೇಕು ಅಂದುಕೊಂಡೆ. ಆಮೇಲೆ ಮಗ್ಗುಲು ಬದಲಿಸಿ ಮಲಗಿದೆ.